ಉಕ್ಕುವ ಮನಸ್ಸಿಗೆ ಚಿಕಿತ್ಸೆ: ಬಾರ್ಡರ್‌ಲೈನ್ ವ್ಯಕ್ತಿತ್ವ ಸಮಸ್ಯೆ

ಬೆಳಿಗ್ಗೆ ‘ನೀನಿಲ್ಲದೆ ನಾನಿಲ್ಲ’ ಎಂದವಳು ಸಂಜೆ ‘ನಿನ್ನ ಮುಖ ನೋಡಲಾರೆ’ ಅನ್ನುತ್ತಾಳೆ. ನಡುರಾತ್ರಿ ಫೋನ್ ಮಾಡಿ ಕ್ಷಮೆ ಕೇಳಿ ಬಿಕ್ಕಿಬಿಕ್ಕಿ ಅಳುತ್ತಾಳೆ. ಮರುದಿನ ಇಡೀ ದಿನ ಹಾಸಿಗೆ ಬಿಟ್ಟು ಏಳುವುದಿಲ್ಲ. ಕೇಳಿದರೆ ‘ಒಳಗೆಲ್ಲ ಖಾಲಿ ಖಾಲಿ’ ಅನ್ನುವುದೊಂದೇ ಉತ್ತರ. ಇಂಥ ದಿನಗಳು ವರ್ಷಗಟ್ಟಲೆ ಉರುಳಿದರೆ ಮನೆಯವರು ಅದಕ್ಕೆ ತಮಗೆ ತೋಚಿದ ಹೆಸರಿಡುತ್ತಾರೆ: ಹಟ, ಕೊಬ್ಬು, ನಾಟಕ, ಮುದ್ದು ಮಾಡಿ ಬೆಳೆಸಿದ್ದರ ಫಲ. ಮನೋವೈದ್ಯರು ಇದನ್ನು ಬಾರ್ಡರ್‌ಲೈನ್ ವ್ಯಕ್ತಿತ್ವ ಸಮಸ್ಯೆ ಎಂದು ಕರೆಯುತ್ತಾರೆ. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಹಿಡಿದು ಬಿಪಿಡಿ ಎನ್ನುವುದೂ ಬಳಕೆಯಲ್ಲಿದೆ.

ಬಹಳ ಕಾಲ ಇದಕ್ಕೆ ಮದ್ದಿಲ್ಲ ಎಂದು ವೈದ್ಯರೇ ನಂಬಿದ್ದರು. ಆ ನಂಬಿಕೆ ಸುಳ್ಳೆಂದು ರುಜುವಾತಾಗಿ ಮೂರು ದಶಕ ದಾಟಿದೆ. ಆದರೂ ಸುದ್ದಿ ನಮ್ಮ ಮನೆಗಳಿಗೆ, ಎಷ್ಟೋ ಕಡೆ ಚಿಕಿತ್ಸಾಲಯಗಳಿಗೂ, ಇನ್ನೂ ಸರಿಯಾಗಿ ಮುಟ್ಟಿಲ್ಲ. ಅದಕ್ಕಾಗಿಯೇ ಈ ಬರಹ.

ಹೆಸರು ಬಂದ ಬಗೆ

ಬಾರ್ಡರ್‌ಲೈನ್ ಅಂದರೆ ಗಡಿಗೆರೆ. 1938ರಲ್ಲಿ ಅಮೆರಿಕದ ಮನೋವಿಶ್ಲೇಷಕ ಅಡಾಲ್ಫ್ ಸ್ಟರ್ನ್ ಈ ಪದವನ್ನು ಬಳಸಿದಾಗ, ಆತಂಕ–ಖಿನ್ನತೆಯಂಥ ಕಾಯಿಲೆಗಳಿಗೂ ಭ್ರಮೆಗಳಿರುವ ತೀವ್ರ ಕಾಯಿಲೆಗಳಿಗೂ ನಡುವಿನ ಗಡಿಯಲ್ಲಿ ನಿಂತ ರೋಗಿಗಳು ಎಂಬ ಅರ್ಥವಿತ್ತು. ಆ ಅರ್ಥ ಹಳತಾಗಿ ಬಿದ್ದುಹೋದರೂ ಹೆಸರು ಉಳಿಯಿತು. 1980ರಲ್ಲಿ ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್ನಿನ ಕೈಪಿಡಿಯ ಮೂರನೆಯ ಆವೃತ್ತಿಗೆ ಅದು ಅಧಿಕೃತವಾಗಿ ಸೇರಿತು. ವಿಶ್ವ ಆರೋಗ್ಯ ಸಂಸ್ಥೆಯ 11ನೆಯ ರೋಗಪಟ್ಟಿ 2022ರ ಜನವರಿಯಲ್ಲಿ ಜಾರಿಗೆ ಬಂದಾಗ, ವ್ಯಕ್ತಿತ್ವ ಸಮಸ್ಯೆಗಳ ಹಳೆಯ ಕವಲುಗಳನ್ನೆಲ್ಲ ತೆಗೆದು, ತೊಂದರೆ ಎಷ್ಟು ತೀವ್ರವಾಗಿದೆ ಎಂಬುದಕ್ಕೆ ಮೊದಲ ಮಣೆ ಹಾಕಿತು. ಅಲ್ಲಿಯೂ ಬಾರ್ಡರ್‌ಲೈನ್ ಎಂಬ ಗುರುತು ಮಾತ್ರ ಉಳಿದುಕೊಂಡಿದೆ.

‘ವ್ಯಕ್ತಿತ್ವ ಸಮಸ್ಯೆ’ ಎಂಬ ಮಾತು ಕಿವಿಗೆ ಬಿದ್ದವರು ನೊಂದುಕೊಳ್ಳುವುದು ಸಹಜ. ನಿನ್ನ ಸ್ವಭಾವವೇ ಕೆಟ್ಟದ್ದು ಎಂದು ಡಾಕ್ಟರೇ ಬರೆದುಕೊಟ್ಟ ಹಾಗೆ ಅದು ಕೇಳಿಸುತ್ತದೆ. ಹೇಳುವವರು ಇದನ್ನು ನೆನಪಿಟ್ಟುಕೊಂಡು, ಹೆಸರನ್ನು ಹೇಳಿದ ಉಸಿರಿನಲ್ಲೇ ಇದಕ್ಕೆ ಚಿಕಿತ್ಸೆಯಿದೆ ಎಂಬುದನ್ನೂ ಹೇಳಬೇಕು.

ಪತ್ತೆ ಹೇಗೆ

ರಕ್ತಪರೀಕ್ಷೆ, ಸ್ಕ್ಯಾನ್ ಇದಕ್ಕಿಲ್ಲ. ದೀರ್ಘ ಮಾತುಕತೆಯೇ ಪರೀಕ್ಷೆ. ಕೈಪಿಡಿಯಲ್ಲಿ ಒಂಬತ್ತು ಲಕ್ಷಣಗಳಿವೆ: ಕೈಬಿಟ್ಟುಹೋಗುತ್ತಾರೆಂಬ ತೀವ್ರ ಭಯ, ಒಮ್ಮೆ ದೇವರು ಒಮ್ಮೆ ದೆವ್ವ ಎಂದು ಹೊಯ್ದಾಡುವ ಸಂಬಂಧಗಳು, ತಾನು ಯಾರೆಂಬ ಬಗ್ಗೆಯೇ ಗೊಂದಲ, ಹಣ, ಕುಡಿತ, ವಾಹನ ಚಾಲನೆ ಮುಂತಾದವುಗಳಲ್ಲಿ ಹಿಂದುಮುಂದು ನೋಡದ ದುಡುಕು, ಮತ್ತೆ ಮತ್ತೆ ಸ್ವಯಂ ಹಾನಿ ಅಥವಾ ಆತ್ಮಹತ್ಯೆಯ ಯತ್ನ, ಗಂಟೆಗಂಟೆಗೆ ಬದಲಾಗುವ ಭಾವನೆ, ಸದಾ ಕಾಡುವ ಖಾಲಿತನ, ಹಿಡಿತ ತಪ್ಪುವ ಸಿಟ್ಟು, ಒತ್ತಡ ಹೆಚ್ಚಿದಾಗ ಕೆಲ ಹೊತ್ತು ತಲೆಹಾಕುವ ಅನುಮಾನ ಅಥವಾ ತಾನೇ ತನ್ನಿಂದ ಹೊರಗೆ ನಿಂತಂಥ ಮಂಕು. ಐದು ಇದ್ದರೆ ಪತ್ತೆ ಖಚಿತ. ಒಂಬತ್ತರಲ್ಲಿ ಐದು ಅಥವಾ ಹೆಚ್ಚನ್ನು 256 ಬಗೆಯಲ್ಲಿ ಜೋಡಿಸಬಹುದು. ಒಂದೇ ಹೆಸರಿನ ಇಬ್ಬರು ಒಬ್ಬರಿನ್ನೊಬ್ಬರಂತೆ ಕಾಣದಿರುವುದು ಅದಕ್ಕೇ. ಒಬ್ಬರು ಪಾತ್ರೆ ಎಸೆಯಬಹುದು, ಇನ್ನೊಬ್ಬರು ತುಟಿ ಬಿಚ್ಚದೆ ಒಳಗೊಳಗೇ ಬೇಯಬಹುದು.

ಸಾಮಾನ್ಯ ಜನರಲ್ಲಿ ನೂರಕ್ಕೆ ಒಬ್ಬಿಬ್ಬರಿಗೆ ಇದು ಇರುತ್ತದೆಂದು ಅಂದಾಜು. ಆಸ್ಪತ್ರೆಗೆ ಬರುವವರಲ್ಲಿ ಹೆಂಗಸರು ಹೆಚ್ಚು, ಆದರೆ ಸಮುದಾಯದಲ್ಲಿ ಸಮೀಕ್ಷೆ ನಡೆಸಿದಾಗ ಗಂಡಸರ ಸಂಖ್ಯೆಯೂ ಬಹುತೇಕ ಸಮಸಮ ಕಂಡಿದೆ. ಗಂಡಸಿನ ಸಿಟ್ಟನ್ನು ಸಿಟ್ಟೆಂದೇ ಬಗೆದು, ಕುಡಿತವನ್ನು ಕುಡಿತವೆಂದೇ ಬಗೆದು ಬಿಟ್ಟುಬಿಡುತ್ತೇವೆ. ಹೀಗಾಗಿ ಅವರು ಚಿಕಿತ್ಸೆಯ ಬಾಗಿಲಿಗೆ ಬರುವುದೇ ಅಪರೂಪ.

ಬೈಪೋಲಾರ್ ಕಾಯಿಲೆಯೊಂದಿಗೆ ಇದನ್ನು ಬೆರೆಸುವುದು ತೀರಾ ಸಾಮಾನ್ಯ ತಪ್ಪು. ಬೈಪೋಲಾರ್‌ನಲ್ಲಿ ಉಬ್ಬರ ಬಂದರೆ ದಿನಗಟ್ಟಲೆ, ವಾರಗಟ್ಟಲೆ ನಿಲ್ಲುತ್ತದೆ; ನಿದ್ದೆ ಮೂರು ಗಂಟೆ ಸಾಕೆನಿಸುತ್ತದೆ; ಹೊರಗಿನ ಕಾರಣವೇ ಬೇಕಿಲ್ಲ. ಬಿಪಿಡಿಯ ಏರಿಳಿತ ಹೆಚ್ಚಾಗಿ ಒಂದು ಮಾತಿನಿಂದ, ಒಂದು ಮೌನದಿಂದ ಶುರುವಾಗಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಎರಡೂ ಒಬ್ಬರಲ್ಲೇ ಇರುವುದೂ ಉಂಟು. ಈ ವ್ಯತ್ಯಾಸ ಯಾಕೆ ಮುಖ್ಯವೆಂದರೆ, ಬೈಪೋಲಾರ್‌ಗೆ ಮಾತ್ರೆಯೇ ಮೊದಲ ಚಿಕಿತ್ಸೆ, ಬಿಪಿಡಿಗೆ ಹಾಗಲ್ಲ.

ಕಾರಣದ ವಿಷಯಕ್ಕೆ ಬಂದರೆ, ಅವಳಿಗಳ ಅಧ್ಯಯನಗಳ ಪ್ರಕಾರ ಹೆಚ್ಚುಕಡಿಮೆ ಅರ್ಧ ಪಾಲು ಹುಟ್ಟಿನಿಂದ ಬಂದದ್ದು. ಬಾಲ್ಯದ ದೌರ್ಜನ್ಯ, ನಿರ್ಲಕ್ಷ್ಯ ಅನೇಕರ ಕಥೆಯಲ್ಲಿದೆ, ಎಲ್ಲರ ಕಥೆಯಲ್ಲಿಲ್ಲ. ‘ಅಪ್ಪ ಅಮ್ಮನೇ ಕಾರಣ’ ಎಂದು ತೀರ್ಪು ಕೊಡುವ ಮೊದಲು ಈ ಮಾತು ನೆನಪಿರಲಿ.

ಮಾರ್ಷಾ ಲಿನೆಹನ್ ಹಿಡಿದ ದಾರಿ

ಬಿಪಿಡಿ ಚಿಕಿತ್ಸೆಯ ಕಥೆ ಹೇಳುವವರು ಈ ಹೆಸರನ್ನು ದಾಟಿ ಹೋಗುವಂತಿಲ್ಲ. 1961ರಲ್ಲಿ, 17ನೆಯ ವಯಸ್ಸಿನಲ್ಲಿ, ಮಾರ್ಷಾ ಲಿನೆಹನ್ ಅಮೆರಿಕದ ಹಾರ್ಟ್‌ಫರ್ಡ್‌ನ ಒಂದು ಮಾನಸಿಕ ಆಸ್ಪತ್ರೆ ಸೇರಿದರು. ತನ್ನನ್ನೇ ಗಾಯ ಮಾಡಿಕೊಳ್ಳುತ್ತಿದ್ದ ಆ ಹುಡುಗಿಗೆ ಸ್ಕಿಜೋಫ್ರೇನಿಯಾ ಎಂದು ಹೆಸರಿಟ್ಟು, ಔಷಧಿ, ಶಾಕ್ ಚಿಕಿತ್ಸೆ ಎಲ್ಲ ಕೊಟ್ಟು, ಒಂಟಿ ಕೋಣೆಯಲ್ಲಿಟ್ಟರು. ಹೊರಬಂದದ್ದು 26 ತಿಂಗಳ ನಂತರ. ಅದೇ ಹುಡುಗಿ ಮುಂದೆ ಮನಶ್ಶಾಸ್ತ್ರ ಓದಿ, ಸಿಯಾಟಲ್‌ನ ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನಲ್ಲಿ ಪ್ರೊಫೆಸರ್ ಆಗಿ, ಸಾಯಬೇಕೆನ್ನುವವರಿಗೆ ಬದುಕುವ ದಾರಿ ಕಲಿಸುವ ಚಿಕಿತ್ಸೆಯೊಂದನ್ನು ಕಟ್ಟಿದರು. ತಮ್ಮ ಕಥೆಯನ್ನು ಅವರು ಬಹಿರಂಗವಾಗಿ ಹೇಳಿಕೊಂಡದ್ದು 2011ರಲ್ಲಿ, ಅದೇ ಹಾರ್ಟ್‌ಫರ್ಡ್‌ನ ಆಸ್ಪತ್ರೆಯಲ್ಲಿ.

ಅವರ ಪದ್ಧತಿಯ ಹೆಸರು ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಚಿಕ್ಕದಾಗಿ ಡಿಬಿಟಿ. ಅದು ಹುಟ್ಟಿದ್ದು ಎರಡು ಸೋಲುಗಳಿಂದ. ಆಗಿನ ವರ್ತನಾ ಚಿಕಿತ್ಸೆಯಂತೆ ‘ಇದನ್ನು ಬದಲಿಸಿಕೋ, ಅದನ್ನು ಬಿಡು’ ಎಂದಾಗ ರೋಗಿಗಳು ಸಿಡಿದೆದ್ದರು: ಅಂದರೆ ತಪ್ಪೆಲ್ಲ ನನ್ನದೇ? ಸರಿ, ಬರಿಯ ಅಕ್ಕರೆಯಿಂದ ಕೇಳಿಸಿಕೊಳ್ಳೋಣ ಎಂದು ಹೊರಟರೆ ಇನ್ನೊಂದು ದೂರು: ನಾನಿಲ್ಲಿ ಉರಿಯುತ್ತಿದ್ದೇನೆ, ನೀವು ತಲೆಯಾಡಿಸುತ್ತಾ ಕೂತಿದ್ದೀರಿ! ಲಿನೆಹನ್ ಈ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದರು. ನಿನ್ನ ಪಾಡು ನಿಜ, ಅದಕ್ಕೆ ಕಾರಣಗಳಿವೆ. ಆದರೂ ಇದು ಬದಲಾಗಬೇಕು, ಬದಲಾಯಿಸುವುದನ್ನು ಕಲಿಯಬಹುದು. ಹೆಸರಿನಲ್ಲಿರುವ ಡಯಲೆಕ್ಟಿಕಲ್ ಎಂಬ ಪದದ ಹುರುಳು ಇಷ್ಟೇ. ಒಪ್ಪಿಕೊಳ್ಳುವ ಪಾಠವನ್ನು ಅವರು ಝೆನ್ ಅಭ್ಯಾಸದಿಂದ ತಂದರು.

ಭಾವನೆಯ ಮೇಲೆ ಚರ್ಮವೇ ಇಲ್ಲದವರು ಎಂದು ಲಿನೆಹನ್ ಈ ರೋಗಿಗಳನ್ನು ಮೈಸುಟ್ಟವರಿಗೆ ಹೋಲಿಸಿದ್ದುಂಟು. ಬೇರೆಯವರಿಗೆ ತಂಗಾಳಿಯಾದದ್ದು ಇವರಿಗೆ ಉರಿ. ಮೇಲೆ ‘ಇಷ್ಟಕ್ಕೆಲ್ಲಾ ಯಾರಾದರೂ ಅಳ್ತಾರಾ?’ ಎಂದು ದಿನವೂ ಕೇಳಿಸಿಕೊಂಡು ಬೆಳೆದ ಮಗು ತನ್ನ ಭಾವನೆಯನ್ನೇ ನಂಬದಂತಾಗುತ್ತದೆ. ಹುಟ್ಟುಗುಣವೂ ಸುತ್ತಣ ತಿರಸ್ಕಾರವೂ ಒಂದನ್ನೊಂದು ಹೆಚ್ಚಿಸುತ್ತಾ ಹೋಗುತ್ತವೆ ಎಂಬುದು ಡಿಬಿಟಿಯ ತಳಹದಿ.

ಪೂರ್ಣ ಡಿಬಿಟಿಗೆ ನಾಲ್ಕು ಕಂಬಗಳು. ವಾರಕ್ಕೊಮ್ಮೆ ಚಿಕಿತ್ಸಕರೊಂದಿಗೆ ಒಬ್ಬರೇ ಕೂತು ಮಾತು. ವಾರಕ್ಕೊಮ್ಮೆ ಎರಡು–ಎರಡೂವರೆ ಗಂಟೆಯ ಕೌಶಲ ತರಗತಿ, ಶಾಲೆಯಂತೆಯೇ ಹೋಂವರ್ಕ್ ಸಮೇತ. ಕಷ್ಟದ ಗಳಿಗೆಯಲ್ಲಿ ಚಿಕಿತ್ಸಕರಿಗೆ ಫೋನ್ ಮಾಡಿ ‘ಈಗ ಯಾವ ಕೌಶಲ ಬಳಸಲಿ’ ಎಂದು ಕೇಳುವ ಅವಕಾಶ. ನಾಲ್ಕನೆಯದು ಚಿಕಿತ್ಸಕರು ತಮ್ಮತಮ್ಮಲ್ಲಿ ವಾರವಾರ ನಡೆಸುವ ಸಭೆ. ಸಾವಿನ ಅಂಚಿನಲ್ಲಿರುವವರೊಂದಿಗೆ ಕೆಲಸ ಮಾಡುವ ಚಿಕಿತ್ಸಕರೂ ದಣಿಯುತ್ತಾರೆ, ಹೆದರುತ್ತಾರೆ, ಕೆಲವೊಮ್ಮೆ ಸಿಟ್ಟಾಗುತ್ತಾರೆ. ಅವರಿಗೂ ಆಸರೆ ಬೇಕೆಂಬುದನ್ನು ಚಿಕಿತ್ಸೆಯ ಒಳಗೇ ಸೇರಿಸಿದ್ದು ದೊಡ್ಡ ಮಾತು.

ತರಗತಿಯಲ್ಲಿ ಕಲಿಸುವ ವಿದ್ಯೆಗಳೂ ನಾಲ್ಕು. ಈ ಕ್ಷಣದಲ್ಲಿ ಏನಾಗುತ್ತಿದೆ ಎಂದು ತೀರ್ಪು ಕೊಡದೆ ಗಮನಿಸುವುದು. ಬಿರುಗಾಳಿ ಬಂದಾಗ ಪರಿಸ್ಥಿತಿಯನ್ನು ಇನ್ನಷ್ಟು ಹದಗೆಡಿಸದೆ ದಾಟುವುದು. ಭಾವನೆಯ ಹೆಸರು ಗುರುತಿಸಿ ಅದರ ಬಿಸಿಯನ್ನು ಇಳಿಸುವುದು. ಸಂಬಂಧವನ್ನೂ ಕೆಡಿಸಿಕೊಳ್ಳದೆ, ಸ್ವಾಭಿಮಾನವನ್ನೂ ಬಿಡದೆ ಬೇಕಾದದ್ದನ್ನು ಕೇಳುವುದು, ಬೇಡವಾದದ್ದಕ್ಕೆ ಬೇಡ ಅನ್ನುವುದು. ಎರಡನೆಯದರಲ್ಲಿ ದೇಹದ ಮೂಲಕ ಮನಸ್ಸನ್ನು ಹಿಡಿಯುವ ಉಪಾಯಗಳಿವೆ: ಉಸಿರು ಬಿಗಿಹಿಡಿದು ತಣ್ಣೀರಿನಲ್ಲಿ ಕೆಲವು ಕ್ಷಣ ಮುಖ ಅದ್ದುವುದು, ಹತ್ತು ನಿಮಿಷ ಬಿರುಸಾಗಿ ಮೆಟ್ಟಿಲು ಹತ್ತಿಳಿಯುವುದು, ಉಸಿರನ್ನು ಒಳಗೆಳೆದದ್ದಕ್ಕಿಂತ ನಿಧಾನವಾಗಿ ಬಿಡುವುದು. ತಣ್ಣೀರು ತಗುಲಿದ ಮುಖ ಹೃದಯದ ಬಡಿತವನ್ನು ನಿಧಾನ ಮಾಡುತ್ತದೆ. ನೀರಿನಲ್ಲಿ ಮುಳುಗುವ ಎಲ್ಲ ಸಸ್ತನಿಗಳಲ್ಲೂ ಇರುವ ಪ್ರತಿಕ್ರಿಯೆ ಇದು. ಹೃದಯದ ತೊಂದರೆಯಿರುವವರು, ಊಟದ ಕಾಯಿಲೆಯಿಂದ ಸೊರಗಿದವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

1991ರಲ್ಲಿ ಪ್ರಕಟವಾದ ಲಿನೆಹನ್ ಅವರ ಮೊದಲ ಪ್ರಯೋಗದಲ್ಲಿ, ಡಿಬಿಟಿ ಪಡೆದ ಹೆಂಗಸರಲ್ಲಿ ಸ್ವಯಂ ಹಾನಿ ಕಡಿಮೆಯಾಗಿತ್ತು, ಚಿಕಿತ್ಸೆ ಅರ್ಧಕ್ಕೆ ಬಿಟ್ಟವರೂ ಕಡಿಮೆ, ಆಸ್ಪತ್ರೆಯಲ್ಲಿ ಕಳೆದ ದಿನಗಳೂ ಕಡಿಮೆ. 2006ರಲ್ಲಿ 101 ಹೆಂಗಸರನ್ನು ಎರಡು ವರ್ಷ ಗಮನಿಸಿದ ಪ್ರಯೋಗದಲ್ಲಿ ಹೋಲಿಕೆಗೆ ಸಾಧಾರಣ ಚಿಕಿತ್ಸೆಯನ್ನು ಇಟ್ಟುಕೊಳ್ಳಲಿಲ್ಲ, ನುರಿತ ತಜ್ಞರ ಚಿಕಿತ್ಸೆಯನ್ನೇ ಇಟ್ಟುಕೊಂಡರು. ಆಗಲೂ ಡಿಬಿಟಿ ಗುಂಪಿನಲ್ಲಿ ಆತ್ಮಹತ್ಯೆಗೆ ಯತ್ನಿಸುವ ಸಾಧ್ಯತೆ ಅರ್ಧಕ್ಕಿಳಿದಿತ್ತು. ಸಾಮಾನ್ಯವಾಗಿ ಒಂದು ವರ್ಷ ನಡೆಯುವ ಈ ಚಿಕಿತ್ಸೆಯನ್ನು ಆರು ತಿಂಗಳಿಗೆ ಇಳಿಸಿದರೂ ಸ್ವಯಂ ಹಾನಿಯ ಮಟ್ಟಿಗೆ ಫಲ ಕಡಿಮೆಯಾಗಲಿಲ್ಲವೆಂದು 2022ರಲ್ಲಿ ಪ್ರಕಟವಾದ, 240 ಮಂದಿಯ ಕೆನಡಾ ಅಧ್ಯಯನ ಹೇಳಿದೆ. ದುಡ್ಡು, ಸಮಯ, ಚಿಕಿತ್ಸಕರು ಮೂರೂ ಸಾಲದಿರುವ ನಮ್ಮಂಥ ಕಡೆ ಇದು ಸಣ್ಣ ಸುದ್ದಿಯಲ್ಲ.

ಒಂದು ಗುರುವಾರದ ಸರಪಳಿ

ಡಿಬಿಟಿಯ ಕೋಣೆಯೊಳಗೆ ಏನು ನಡೆಯುತ್ತದೆ ಎಂದು ಹತ್ತಿರದಿಂದ ನೋಡಲು ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. 24ರ ಯುವತಿ, ಪಿಜಿಯಲ್ಲಿದ್ದು ಕೆಲಸಕ್ಕೆ ಹೋಗುವವಳು. ಪ್ರತಿ ರಾತ್ರಿ ಒಂದು ಡೈರಿ ಕಾರ್ಡ್ ತುಂಬುತ್ತಾಳೆ. ಅದರಲ್ಲಿ ದುಃಖ, ನಾಚಿಕೆ, ಸಿಟ್ಟು ಸೊನ್ನೆಯಿಂದ ಐದರೊಳಗೆ ಎಷ್ಟು, ಗಾಯ ಮಾಡಿಕೊಳ್ಳುವ ತುಡಿತ ಎಷ್ಟು, ಯಾವ ಕೌಶಲ ಬಳಸಿದೆ ಎಂದು ಬರೆಯಬೇಕು. ಈ ವಾರ ಗುರುವಾರದ ಸಾಲಿನಲ್ಲಿ ತುಡಿತ ಐದು, ಗಾಯ ‘ಹೌದು’.

ಚಿಕಿತ್ಸಕಿ ಬೈಯುವುದಿಲ್ಲ, ಗಾಬರಿಯಾಗುವುದಿಲ್ಲ, ಅಯ್ಯೋ ಅನ್ನುವುದೂ ಇಲ್ಲ. ಹಾಳೆ ತೆಗೆದು ಗುರುವಾರವನ್ನು ಕೊಂಡಿಕೊಂಡಿಯಾಗಿ ಬಿಡಿಸುತ್ತಾಳೆ. ಬುಧವಾರ ರಾತ್ರಿ ನಿದ್ದೆ ನಾಲ್ಕೇ ಗಂಟೆ. ಮಧ್ಯಾಹ್ನದ ಊಟ ಬಿಟ್ಟಳು. ಸಂಜೆ 6:10ಕ್ಕೆ ಗೆಳತಿಗೆ ‘ಸಿಗೋಣ್ವಾ?’ ಎಂದು ವಾಟ್ಸಾಪ್. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. 6:40ಕ್ಕೆ ಒಂದು ಯೋಚನೆ: ಅವಳಿಗೆ ನಾನು ಸಾಕಾಗಿದ್ದೇನೆ. ಎದೆ ಬಿಗಿಯಿತು, ಮುಖ ಬಿಸಿಯಾಯಿತು. ಮುಂದಿನ ಅರ್ಧ ಗಂಟೆಯಲ್ಲಿ 17 ಮೆಸೇಜು. ಮೊದಲಿನದು ಬೇಡಿಕೆ, ಕೊನೆಯದು ಬೈಗುಳ. ಆಮೇಲೆ ಗೆಳತಿ ಬ್ಲಾಕ್. ಅಮ್ಮನಿಗೆ ಫೋನ್ ಮಾಡಿದರೆ ‘ಮತ್ತೆ ಶುರುವಾಯ್ತಾ ನಿಂದು?’ ಎಂಬ ಮಾತು. ಬಾಗಿಲು ಹಾಕಿಕೊಂಡಳು. ಗಾಯವಾದ ಮೇಲೆ ಹತ್ತು ನಿಮಿಷ ಹಗುರ, ಆಮೇಲೆ ಇಡೀ ರಾತ್ರಿ ನಾಚಿಕೆ.

ಈಗ ಪ್ರಶ್ನೆ: ಯಾವ ಕೊಂಡಿಯನ್ನು ತುಂಡರಿಸಬಹುದಿತ್ತು? ಹುಡುಗಿ ಕೊನೆಯ ಕೊಂಡಿಗೆ ಬೆರಳಿಡುತ್ತಾಳೆ: ಗಾಯ ಮಾಡಿಕೊಳ್ಳಬಾರದಿತ್ತು. ಚಿಕಿತ್ಸಕಿ ಬೆರಳನ್ನು ಮೇಲಕ್ಕೆ ಸರಿಸುತ್ತಾಳೆ. ಊಟ ಬಿಟ್ಟ ಕೊಂಡಿ ತುಂಬ ಸುಲಭದ್ದು. 6:40ರ ಯೋಚನೆಯ ಪಕ್ಕದಲ್ಲಿ ‘ನನಗೆ ಗೊತ್ತಿರುವುದು ಇಷ್ಟೇ: ಅವಳು ಓದಿದ್ದಾಳೆ, ಉತ್ತರಿಸಿಲ್ಲ’ ಎಂದು ಬರೆಯಬಹುದಿತ್ತು. ಮೂರನೆಯ ಮೆಸೇಜಿನ ಮೊದಲು ಫೋನನ್ನು ಪಕ್ಕದ ಕೋಣೆಯಲ್ಲಿಟ್ಟು ಮುಖಕ್ಕೆ ತಣ್ಣೀರು. ಅಮ್ಮನಿಗೆ ಮಾಡುವ ಬದಲು ಚಿಕಿತ್ಸಕಿಗೇ ಫೋನ್. ಇವನ್ನು ಅಲ್ಲೇ ಕೂತು ಆಡಿ ತೋರಿಸಿ ಅಭ್ಯಾಸ ಮಾಡಿಸುತ್ತಾಳೆ. ಮುಂದಿನ ವಾರ ಮತ್ತೊಂದು ಸರಪಳಿ. ಕೇಳಲು ಬೇಸರದ ಕೆಲಸ. ಸಂಗೀತದ ಸರಳೆವರಸೆಯೂ ಹಾಗೇ ಅಲ್ಲವೇ?

ಚಿಕಿತ್ಸೆಯಲ್ಲಿ ಏನನ್ನು ಮೊದಲು ಎತ್ತಿಕೊಳ್ಳಬೇಕು ಎಂಬುದಕ್ಕೂ ಕಟ್ಟುನಿಟ್ಟಾದ ಕ್ರಮವಿದೆ. ಜೀವಕ್ಕೆ ಕುತ್ತು ತರುವುದು ಮೊದಲು. ಚಿಕಿತ್ಸೆಗೇ ಅಡ್ಡಿಯಾಗುವುದು ಎರಡನೆಯದು: ತಡವಾಗಿ ಬರುವುದು, ಕಾರ್ಡ್ ತುಂಬದಿರುವುದು, ಚಿಕಿತ್ಸಕರೇ ಪದೇಪದೇ ಭೇಟಿ ರದ್ದು ಮಾಡುವುದು ಕೂಡ. ಪ್ರೇಮ, ಕೆಲಸ, ಹಣದ ಜಂಜಾಟ ಅದರ ನಂತರ.

ಮಾತಿನ ಇತರ ಚಿಕಿತ್ಸೆಗಳು

ಲಂಡನ್ನಿನ ಆಂಥನಿ ಬೇಟ್‌ಮನ್ ಮತ್ತು ಪೀಟರ್ ಫೊನಾಗಿ ರೂಪಿಸಿದ್ದು ಮೆಂಟಲೈಸೇಷನ್ ಆಧಾರಿತ ಚಿಕಿತ್ಸೆ. ಎದುರಿನವರ ವರ್ತನೆಯ ಹಿಂದೆ ಯಾವ ಮನಸ್ಸಿದೆ, ನನ್ನ ವರ್ತನೆಯ ಹಿಂದೆ ಯಾವುದಿದೆ ಎಂದು ಊಹಿಸುವ ಶಕ್ತಿ ನಮ್ಮೆಲ್ಲರಲ್ಲೂ ಇದೆ, ಸಿಟ್ಟು–ಭಯ ಏರಿದಾಗ ಅದು ಮೊದಲು ಕೈಕೊಡುತ್ತದೆ. ಬಿಪಿಡಿ ಇರುವವರಲ್ಲಿ ಬೇಗ ಕೈಕೊಡುತ್ತದೆ. ಇಲ್ಲಿ ಚಿಕಿತ್ಸಕ ಎಲ್ಲವನ್ನೂ ಬಲ್ಲವನಂತೆ ಮಾತಾಡುವುದಿಲ್ಲ. ‘ಅವರು ಬಾಗಿಲು ಜೋರಾಗಿ ಹಾಕಿದರು ಅಂದಿರಿ, ಅದಕ್ಕೆ ಬೇರೇನಾದರೂ ಕಾರಣ ಇರಬಹುದೇ?’ ಎಂದು ಕುತೂಹಲದಿಂದ ಕೇಳುತ್ತಾ ಹೋಗುತ್ತಾನೆ. ಸುಮಾರು 18 ತಿಂಗಳ ಚಿಕಿತ್ಸೆ ಇದು. 1999ರ ಮೊದಲ ಪ್ರಯೋಗದಲ್ಲಿದ್ದವರನ್ನು ಎಂಟು ವರ್ಷದ ನಂತರ ಹುಡುಕಿ ನೋಡಿದಾಗ, ಈ ಚಿಕಿತ್ಸೆ ಪಡೆದವರಲ್ಲಿ 13 ಶೇಕಡಾ ಮಂದಿಗೆ ಮಾತ್ರ ಬಿಪಿಡಿಯ ಲಕ್ಷಣಗಳು ಪೂರ್ತಿಯಾಗಿ ಉಳಿದಿದ್ದವು. ಮಾಮೂಲಿ ಚಿಕಿತ್ಸೆಯವರಲ್ಲಿ 87 ಶೇಕಡಾ. ಗುಂಪು ಚಿಕ್ಕದು, ನಿಜ. ಆದರೂ ಅಂತರ ಕಣ್ಣಿಗೆ ರಾಚುವಂಥದ್ದು.

ಜೆಫ್ರಿ ಯಂಗ್ ಕಟ್ಟಿದ ಸ್ಕೀಮಾ ಚಿಕಿತ್ಸೆ ಬಾಲ್ಯದಲ್ಲಿ ಬೇರುಬಿಟ್ಟ ನಂಬಿಕೆಗಳನ್ನು ಹುಡುಕುತ್ತದೆ: ನಾನು ಯಾರಿಗೂ ಬೇಡದವಳು, ಹತ್ತಿರ ಬಂದವರೆಲ್ಲ ಬಿಟ್ಟುಹೋಗುತ್ತಾರೆ. ಚಿಕಿತ್ಸಕರು ಮಿತಿಯೊಳಗೆ, ಆಗ ಸಿಗದ ಆರೈಕೆಯನ್ನು ಈಗ ಕೊಡುವವರಾಗಿ ನಿಲ್ಲುತ್ತಾರೆ. ಓಟ್ಟೊ ಕರ್ನ್‌ಬರ್ಗ್ ಅವರ ಟ್ರಾನ್ಸ್‌ಫರೆನ್ಸ್ ಕೇಂದ್ರಿತ ಚಿಕಿತ್ಸೆ ಮನೋವಿಶ್ಲೇಷಣೆಯ ಮನೆತನದ್ದು. ರೋಗಿ ಚಿಕಿತ್ಸಕರನ್ನೇ ಒಮ್ಮೆ ಆರಾಧಿಸಿ ಒಮ್ಮೆ ದ್ವೇಷಿಸುವಾಗ, ಆ ಹೊಯ್ದಾಟವನ್ನೇ ಮೇಜಿನ ಮೇಲಿಟ್ಟು ಪರಿಶೀಲಿಸುತ್ತದೆ. ನೆದರ್ಲ್ಯಾಂಡ್ಸ್‌ನಲ್ಲಿ ಇವೆರಡನ್ನೂ ಮೂರು ವರ್ಷ ಹೋಲಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದಾಗ ಎರಡೂ ಗುಂಪಿನವರು ಸುಧಾರಿಸಿದ್ದರು, ಸ್ಕೀಮಾ ಚಿಕಿತ್ಸೆ ಮುಂದಿತ್ತು.

ನನ್ನ ಕಣ್ಣಿಗೆ ಇವೆಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಹೆಚ್ಚು ಸದ್ದು ಮಾಡದ ಇನ್ನೊಂದು ಅಧ್ಯಯನ. 2009ರಲ್ಲಿ ಟೊರಾಂಟೊದಲ್ಲಿ 180 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಡಿಬಿಟಿ, ಇನ್ನೊಂದಕ್ಕೆ ಚೆನ್ನಾಗಿ ಯೋಜಿಸಿದ ಸಾಮಾನ್ಯ ಮನೋವೈದ್ಯಕೀಯ ಆರೈಕೆ ಕೊಟ್ಟರು. ವರ್ಷದ ಕೊನೆಗೆ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಸುಧಾರಿಸಿದ್ದವು. ಆ ಆರೈಕೆಯ ಬೇರು ಹಾರ್ವರ್ಡ್‌ನ ಜಾನ್ ಗಂಡರ್‌ಸನ್ ಅವರ ಕೆಲಸದಲ್ಲಿದೆ. ಅದರ ತಿರುಳು ಸರಳ. ರೋಗದ ಹೆಸರನ್ನು ಮುಚ್ಚಿಡದೆ ವಿವರಿಸುವುದು, ವಾರಕ್ಕೊಮ್ಮೆ ತಪ್ಪದೆ ನೋಡುವುದು, ರೇಗಿದಾಗ ರೇಗದಿರುವುದು, ಮನೆಯವರನ್ನು ಸೇರಿಸಿಕೊಳ್ಳುವುದು, ಉಪಯೋಗವಾಗುತ್ತಿದೆಯೇ ಎಂದು ಆಗಾಗ ಇಬ್ಬರೂ ಕೂತು ಲೆಕ್ಕ ಹಾಕುವುದು. ಇದನ್ನು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರೂ ಮಾಡಬಹುದು. ಡಿಬಿಟಿ ಸಿಗುವುದಿಲ್ಲವೆಂದರೆ ಏನೂ ಸಿಗುವುದಿಲ್ಲವೆಂದು ಅರ್ಥವಲ್ಲ.

ಮಾತ್ರೆ ಎಷ್ಟು ದೂರ ಬರುತ್ತದೆ

ಬಿಪಿಡಿಗೆಂದೇ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟ ಮಾತ್ರೆ ಒಂದೂ ಇಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ, ಬಿಪಿಡಿಗಾಗಿಯೇ ಅಥವಾ ಅದರ ಬಿಡಿ ಲಕ್ಷಣಗಳಿಗಾಗಿ ಔಷಧ ಕೊಡಬೇಡಿ ಎಂದೇ ಹೇಳಿತು. ಭಾವನೆಯ ಏರಿಳಿತಕ್ಕೆ ಲ್ಯಾಮೊಟ್ರಿಜಿನ್ ನೆರವಾದೀತೆಂಬ ಆಸೆ ಬಹಳ ಇತ್ತು. ಬ್ರಿಟನ್ನಿನಲ್ಲಿ 276 ಮಂದಿಗೆ ಒಂದು ವರ್ಷ ಕೊಟ್ಟು ನೋಡಿದರು. 2018ರಲ್ಲಿ ಬಂದ ಫಲಿತಾಂಶ: ಔಷಧವಿಲ್ಲದ ಹುಸಿ ಮಾತ್ರೆಗಿಂತ ಹೆಚ್ಚಿನ ಲಾಭವಿಲ್ಲ.

ಹಾಗಿದ್ದೂ ಬಿಪಿಡಿ ಇರುವ ಅನೇಕರ ಚೀಟಿಯಲ್ಲಿ ಮೂರು ನಾಲ್ಕು ಮಾತ್ರೆ ಇರುತ್ತವೆ. ಪ್ರತಿ ಬಿಕ್ಕಟ್ಟಿಗೂ ಒಂದು ಹೊಸದು ಸೇರಿ, ಹಳೆಯದು ತೆಗೆಯದೆ ಉಳಿದು ಪಟ್ಟಿ ಬೆಳೆಯುತ್ತದೆ. ಜೊತೆಯಲ್ಲಿ ಖಿನ್ನತೆ, ಆತಂಕ, ಬೈಪೋಲಾರ್ ನಿಜವಾಗಿಯೂ ಇದ್ದರೆ ಅವುಗಳ ಔಷಧ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅಲ್ಪ್ರಜೊಲಾಮ್‌ನಂಥ ನೆಮ್ಮದಿಯ ಮಾತ್ರೆಗಳ ವಿಷಯದಲ್ಲಿ ಮಾತ್ರ ತುಂಬ ಎಚ್ಚರ ಬೇಕು. ಅವು ಚಟವಾಗುತ್ತವೆ, ಕೆಲವರಲ್ಲಿ ದುಡುಕನ್ನು ತಗ್ಗಿಸುವ ಬದಲು ಹೆಚ್ಚಿಸುತ್ತವೆ. ಬಿಕ್ಕಟ್ಟಿನಲ್ಲಿ ಕೊಡಲೇಬೇಕಾದರೆ ಒಂದು ವಾರ ಮೀರದಿರಲಿ ಎಂಬುದು ನೈಸ್ ಸಲಹೆ. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಹಠಾತ್ತನೆ ಬಿಟ್ಟರೆ ಅಪಾಯ ತರುವ ಔಷಧಗಳಿವೆ. ‘ಇದು ಯಾವುದಕ್ಕೆ, ಎಷ್ಟು ದಿನ, ಯಾವಾಗ ಕಡಿಮೆ ಮಾಡೋಣ?’ ಎಂದು ಕೇಳುವ ಹಕ್ಕು ಮಾತ್ರ ರೋಗಿಗೆ ಪೂರ್ತಿ ಇದೆ.

ಬಿಕ್ಕಟ್ಟಿನ ಹೊತ್ತು

ಆತ್ಮಹತ್ಯೆಯ ಮಾತನ್ನು ‘ಬರೀ ಹೆದರಿಸ್ತಾಳೆ’ ಎಂದು ತಳ್ಳಿಹಾಕುವುದು ನಮ್ಮಲ್ಲಿ ಜೀವಗಳನ್ನೇ ಕಳೆದಿದೆ. ಹತ್ತು ಸಲ ಹೇಳಿ ಏನೂ ಆಗದಿದ್ದರೂ ಹನ್ನೊಂದನೆಯದನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬ ಭಯ ಬೇಡ. ಕೇಳಿದರೆ ಅವರಿಗೆ ಹಗುರವಾಗುತ್ತದೆ.

ಆಸ್ಪತ್ರೆಗೆ ಸೇರಿಸುವುದು ಜೀವಕ್ಕೆ ಕುತ್ತಿರುವಾಗ ಅನಿವಾರ್ಯ, ಆದರೆ ಚಿಕ್ಕ ಅವಧಿಗೆ ಸಾಕು. ತಿಂಗಳುಗಟ್ಟಲೆ ಒಳಗಿಟ್ಟರೆ ಹೊರಗಿನ ಬದುಕನ್ನು ನಿಭಾಯಿಸುವ ಅಭ್ಯಾಸವೇ ತಪ್ಪುತ್ತದೆ. ಅದಕ್ಕಿಂತ ಮುಖ್ಯವಾದದ್ದು ಮನಸ್ಸು ತಿಳಿಯಾಗಿರುವಾಗಲೇ ಬರೆದಿಟ್ಟುಕೊಂಡ ಒಂದು ಹಾಳೆಯ ಸುರಕ್ಷಾ ಯೋಜನೆ. ಮುನ್ಸೂಚನೆಗಳು ಯಾವುವು, ಒಬ್ಬಳೇ ಏನು ಮಾಡಬಹುದು, ಯಾರ ಮನೆಗೆ ಹೋಗಬಹುದು, ಯಾರಿಗೆ ವಿಷಯ ಹೇಳಬಹುದು, ವೈದ್ಯರ ನಂಬರ್ ಯಾವುದು, ಅಪಾಯದ ವಸ್ತುಗಳನ್ನು ಯಾರ ಕೈಗೆ ಕೊಡಬೇಕು. ಮಾತ್ರೆಯ ಡಬ್ಬಿ ಮನೆಯವರ ಬಳಿ ಇರುವುದು, ತೋಟದ ಮನೆಯಲ್ಲಿ ಕೀಟನಾಶಕಕ್ಕೆ ಬೀಗ ಹಾಕುವುದು ಇಂಥವೂ ಚಿಕಿತ್ಸೆಯೇ. ತುಡಿತದ ತುತ್ತತುದಿ ಬಹಳ ಹೊತ್ತು ಇರುವುದಿಲ್ಲ; ಆ ಹೊತ್ತು ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ.

ಮನೆಯವರ ಪಾಲು

‘ಅದರಲ್ಲೇನಿದೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ.’ ಒಳ್ಳೆಯ ಮನಸ್ಸಿನಿಂದಲೇ ಬರುವ ಈ ಮಾತು ಬೆಂಕಿಗೆ ಎಣ್ಣೆ. ‘ಅವಳು ಉತ್ತರ ಕೊಡದಿದ್ದಾಗ ನಿನಗೆ ತುಂಬ ಸಂಕಟ ಆಗಿರಬೇಕು’ ಎನ್ನುವುದು ನೀರು. ಇದರಲ್ಲಿ 17 ಮೆಸೇಜು ಕಳಿಸಿದ್ದು ಸರಿ ಎಂಬ ಒಪ್ಪಿಗೆಯಿಲ್ಲ. ಭಾವನೆ ನಿಜವೆಂದು ಒಪ್ಪುವುದು ಬೇರೆ, ವರ್ತನೆಯನ್ನು ಒಪ್ಪುವುದು ಬೇರೆ. ಮನೆಯವರಿಗೆ ಕಲಿಸಬೇಕಾದ ಮೊದಲ ಪಾಠವೂ, ಅವರಿಗೆ ಅತಿ ಕಷ್ಟವಾಗುವ ಪಾಠವೂ ಇದೇ. ಅಮೆರಿಕದಲ್ಲಿ ಪೆರಿ ಹಾಫ್‌ಮನ್ ಮತ್ತು ಅಲನ್ ಫ್ರುಜೆಟ್ಟಿ ಕುಟುಂಬಗಳಿಗೆಂದೇ 12 ವಾರಗಳ ಫ್ಯಾಮಿಲಿ ಕನೆಕ್ಷನ್ಸ್ ತರಗತಿ ರೂಪಿಸಿದರು. ಹದಿಹರೆಯದವರ ಡಿಬಿಟಿಯಲ್ಲಿ ಅಪ್ಪ ಅಮ್ಮಂದಿರೂ ಮಕ್ಕಳ ಪಕ್ಕದಲ್ಲೇ ಕೂತು ಅದೇ ಕೌಶಲ ಕಲಿಯುತ್ತಾರೆ.

ಮನೆಯವರು ತಮ್ಮ ಮಿತಿಯನ್ನೂ ಹೇಳಬಹುದು. ‘ರಾತ್ರಿ ಹನ್ನೊಂದರ ನಂತರ ಜಗಳದ ಮಾತು ಬೇಡ, ಬೆಳಿಗ್ಗೆ ಏಳಕ್ಕೆ ಕೂತು ಮಾತಾಡೋಣ’ ಎಂದು ಹೇಳಿ, ಏಳಕ್ಕೆ ನಿಜವಾಗಿಯೂ ಕೂರಬೇಕು. ಕೈಬಿಡುವ ಭಯದಲ್ಲಿ ಬದುಕುವವರಿಗೆ ಕೊಟ್ಟ ಮಾತು ಉಳಿಸಿಕೊಂಡ ಒಂದೊಂದು ಬೆಳಿಗ್ಗೆಯೂ ಔಷಧ.

ಮದುವೆ ಮಾಡಿದರೆ ಸರಿಹೋಗುತ್ತದೆ ಎಂಬ ಸಲಹೆ ನಮ್ಮಲ್ಲಿ ಇನ್ನೂ ಓಡಾಡುತ್ತಿದೆ. ಹೊಸ ಮನೆ, ಹೊಸ ಸಂಬಂಧ, ಅಪರಿಚಿತರ ನಡುವೆ ಒಂಟಿತನ: ಈ ಕಾಯಿಲೆಯನ್ನು ಕೆರಳಿಸುವುದೆಲ್ಲ ಒಟ್ಟಿಗೆ ಬಂದಂತಾಗುತ್ತದೆ. ದಯವಿಟ್ಟು ಈ ಪ್ರಯೋಗ ಬೇಡ.

ಕರ್ನಾಟಕದಲ್ಲಿ ಎಲ್ಲಿಗೆ ಹೋಗಬೇಕು

ಮೊದಲ ಹೆಜ್ಜೆಗೆ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಮಾಡಿದರೆ ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ರಾಷ್ಟ್ರೀಯ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ನಿಮ್ಹಾನ್ಸ್‌ನಲ್ಲಿ, ಧಾರವಾಡದ ಡಿಮ್ಹಾನ್ಸ್‌ನಲ್ಲಿ, ವೈದ್ಯಕೀಯ ಕಾಲೇಜುಗಳ ಮನೋವೈದ್ಯಕೀಯ ವಿಭಾಗಗಳಲ್ಲಿ ಪತ್ತೆ ಮತ್ತು ಚಿಕಿತ್ಸೆ ಸಿಗುತ್ತದೆ. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್‌ಗಳೂ ನಡೆಯುತ್ತವೆ. ಪೂರ್ಣ ಡಿಬಿಟಿ ತಂಡಗಳು ವಿರಳ, ಇರುವವೂ ದೊಡ್ಡ ಊರುಗಳಲ್ಲಿ, ಹೆಚ್ಚಾಗಿ ಇಂಗ್ಲಿಷಿನಲ್ಲಿ, ಖಾಸಗಿ ಶುಲ್ಕದಲ್ಲಿ. ಇದು ನೋವಿನ ಸಂಗತಿ. ಅಳು ಕನ್ನಡದಲ್ಲಿ ಬರುವವರಿಗೆ ಡೈರಿ ಕಾರ್ಡ್ ಕನ್ನಡದಲ್ಲೇ ಬೇಕು.

ಖಾಸಗಿಯಾಗಿ ಹೋಗುವವರು ಕೆಲವು ಪ್ರಶ್ನೆ ಕೇಳಿಕೊಳ್ಳಲಿ. ಚಿಕಿತ್ಸಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟ್ ಹೌದೇ? ಬಿಪಿಡಿಗೆ ಯಾವ ಪದ್ಧತಿ ಬಳಸುತ್ತಾರೆ, ಎಲ್ಲಿ ಕಲಿತರು? ಭೇಟಿಗಳ ನಡುವೆ ಬಿಕ್ಕಟ್ಟು ಬಂದರೆ ಏನು ವ್ಯವಸ್ಥೆ? ಒಬ್ಬರಿಂದ ಪೂರ್ಣ ಡಿಬಿಟಿ ಸಿಗದಿದ್ದರೆ ಕೌಶಲ ತರಗತಿಯನ್ನಾದರೂ ಹಿಡಿಯಬಹುದು. ಡಿಬಿಟಿಯ ಭಾಗಗಳನ್ನು ಬಿಡಿಸಿ ಪರೀಕ್ಷಿಸಿದ 2015ರ ಅಧ್ಯಯನದಲ್ಲಿ ಹೆಚ್ಚು ಕೆಲಸ ಮಾಡಿದ್ದು ಕೌಶಲ ಕಲಿಕೆಯಿದ್ದ ಚಿಕಿತ್ಸೆಗಳೇ.

ಕಾನೂನಿನ ಭಯದಿಂದ ಆಸ್ಪತ್ರೆಗೆ ಹೋಗದವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಸೆಕ್ಷನ್, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷೆಗೆ ಗುರಿಪಡಿಸಬಾರದು, ಸರ್ಕಾರ ಅವರಿಗೆ ಆರೈಕೆ ಕೊಡಬೇಕು ಎನ್ನುತ್ತದೆ. ದೇಹದ ಕಾಯಿಲೆಗೆ ಸಿಗುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು ಅದೇ ಕಾಯ್ದೆ ಹೇಳಿದೆ. ಹೊರರೋಗಿಯಾಗಿ ಪಡೆಯುವ ಮಾತಿನ ಚಿಕಿತ್ಸೆಗೆ ಪಾಲಿಸಿಯಲ್ಲಿ ಜಾಗವಿದೆಯೇ ಎಂದು ಮಾತ್ರ ಮೊದಲೇ ಓದಿ ನೋಡಿಕೊಳ್ಳಬೇಕು.

ಗುಣವಾಗುವುದು ಎಷ್ಟು, ಯಾವಾಗ

ಅಮೆರಿಕದ ಮೆಕ್ಲೀನ್ ಆಸ್ಪತ್ರೆಯ ಮೇರಿ ಜನರಿನಿ ಮತ್ತು ಸಂಗಡಿಗರು ಬಿಪಿಡಿಯಿಂದ ಆಸ್ಪತ್ರೆ ಸೇರಿದ್ದ 290 ಮಂದಿಯನ್ನು ವರ್ಷಾನುವರ್ಷ ಬೆನ್ನುಹತ್ತಿ ನೋಡಿದರು. ಹತ್ತು ವರ್ಷಗಳಲ್ಲಿ 93 ಶೇಕಡಾ ಮಂದಿ ಕನಿಷ್ಠ ಎರಡು ವರ್ಷ ಲಕ್ಷಣಗಳಿಂದ ಬಿಡುಗಡೆ ಕಂಡಿದ್ದರು. ಸ್ವಯಂ ಹಾನಿ, ದುಡುಕು ಬೇಗ ಇಳಿದವು. ಖಾಲಿತನ, ಒಂಟಿತನದ ಭಯ ತಡವಾಗಿ ಇಳಿದವು.

ಆದರೆ ಲಕ್ಷಣ ಇಳಿಯುವುದರ ಜೊತೆಗೆ ಕೆಲಸ ಅಥವಾ ಓದು ಕೈಗೂಡಿ, ಒಂದಾದರೂ ಗಟ್ಟಿ ಸಂಬಂಧ ಉಳಿದವರನ್ನಷ್ಟೇ ಎಣಿಸಿದರೆ ಸಂಖ್ಯೆ ಅರ್ಧಕ್ಕೆ ಇಳಿಯುತ್ತಿತ್ತು. ಮಿಕ್ಕವರಲ್ಲಿ ಹೆಚ್ಚಿನವರು ಗಾಯ ಮಾಡಿಕೊಳ್ಳುವುದು ನಿಂತರೂ ಬದುಕು ಶುರುವಾಗದೆ ಉಳಿದವರು. ಅದಕ್ಕೇ ಗಂಡರ್‌ಸನ್ ಅವರ ಪದ್ಧತಿಯಲ್ಲಿ ಪ್ರೇಮಕ್ಕಿಂತ ಮೊದಲು ಕೆಲಸ ಎಂಬ ಸೂತ್ರವಿದೆ. ಚಿಕಿತ್ಸಕರು ಆರಂಭದಿಂದಲೇ ಕೇಳುತ್ತಾರೆ: ಈ ವಾರ ಎಷ್ಟು ದಿನ ಹೊರಗೆ ಹೋದಿರಿ, ಬಿಟ್ಟ ಡಿಗ್ರಿಯ ಉಳಿದ ಪೇಪರ್ ಯಾವಾಗ ಕಟ್ಟುತ್ತೀರಿ? ಅರ್ಧ ದಿನದ ಅಂಗಡಿ ಕೆಲಸವಾದರೂ ಸರಿ, ಸಂಜೆಯ ಹೊಲಿಗೆ ತರಗತಿಯಾದರೂ ಸರಿ. ಅಲ್ಲಿ ನಾಲ್ಕು ಜನ ದಿನವೂ ಹೆಸರು ಹಿಡಿದು ಕರೆಯುತ್ತಾರೆ, ಬಾರದಿದ್ದರೆ ‘ನಿನ್ನೆ ಯಾಕೆ ಬರಲಿಲ್ಲ?’ ಎಂದು ಕೇಳುತ್ತಾರೆ.